ಕೆಂಪು ಕ್ಯಾಬೇಜು ಬೇಯಿಸಿದ ವರ್ಷ

ಹೋದ ತಿಂಗಳು ಸೋದರತ್ತೆಯ ಮೊಮ್ಮಗಳ ಮದುವೆಗೆಂದು ಕಾಪುವಿನ ಹತ್ತಿರದ ಒಂದು ಕಲ್ಯಾಣಮಂಟಪಕ್ಕೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಅಡುಗೆಯವನಿಗೆ ಬೇರೆಯವರ ಅಡುಗೆಮನೆ ಕಂಡರೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ಹಿಂದಿನ ಬಾಗಿಲಿಂದ ಇಣುಕಿದೆ. ಒಬ್ಬ ಹೆಂಗಸು ನೇರಳೆ ಬಣ್ಣದ ಕ್ಯಾಬೇಜನ್ನು ಎಳೆ ಎಳೆಯಾಗಿ ಹೆಚ್ಚಿ ರಾಶಿ ಹಾಕಿದ್ದಳು. ಸಲಾಡ್ ಅಂತೆ, ಈಗ ನಮ್ಮ ಕಡೆಯ ಮದುವೆಗಳಲ್ಲಿ ಅದೂ ಬಂದಿದೆ. ಅವಳು ಅದಕ್ಕೆ ಲಿಂಬೆ ಹಿಂಡಿದಳು. ನೇರಳೆ ಇದ್ದದ್ದು ಕಣ್ಣೆದುರೇ ಕೆಂಪಾಯಿತು. ಪಕ್ಕದ ಒಲೆಯಲ್ಲಿ ಯಾರೋ ತುಪ್ಪಕ್ಕೆ ಲವಂಗ ಬಿಟ್ಟರು. ಹಸಿ ಕ್ಯಾಬೇಜು, ಹುಳಿ, ಲವಂಗ ಮೂರೂ ಸೇರಿ ಮೂಗಿಗೆ ಬಂದದ್ದೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ನಳ್ಳಿಯ ನೀರಿನಲ್ಲಿ ಮುಖ ತೊಳೆದೆ. ಊಟಕ್ಕೆ ಕೂತೆ. ಪಾಯಸ ಬರುವ ಮೊದಲೇ ಎದ್ದೆ.

ಅಂದಿನಿಂದ ಇದನ್ನು ಬರೆಯಬೇಕು ಅನ್ನಿಸುತ್ತಿದೆ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವ. ತಿಂಗಳಿಡೀ ಕೂತು, ಎದ್ದು, ಮತ್ತೆ ಕೂತು ಬರೆದದ್ದು ಇಷ್ಟು.

ನಮ್ಮದು ಅಡುಗೆಯವರ ಮನೆ. ಊರ ದೇವಸ್ಥಾನದಲ್ಲಿ ನೈವೇದ್ಯದ ಅಡುಗೆ, ಹಬ್ಬದ ದಿನಗಳಲ್ಲಿ ಸಂತರ್ಪಣೆಯ ಅಡುಗೆ, ಎರಡೂ ಅಜ್ಜನ ಕಾಲದಿಂದ ನಮ್ಮ ಮನೆಯವರದ್ದು. ದೇವರಿಗೆ ಇಡುವ ಮೊದಲು ಅಡುಗೆಯವ ರುಚಿ ನೋಡುವ ಹಾಗಿಲ್ಲ. ಉಪ್ಪು ಸರಿಯಾಯಿತೋ, ಹುಳಿ ಹೆಚ್ಚಾಯಿತೋ ಎಲ್ಲ ಮೂಗಿನಲ್ಲೇ ತಿಳಿಯಬೇಕು. ಅಪ್ಪ ಸೌಟಿನಿಂದ ನಾಲ್ಕು ಹನಿ ಅಂಗೈಗೆ ಬಿಟ್ಟು, ಉಜ್ಜಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಆಮೇಲೆ "ಉಪ್ಪು ಒಂದು ಚಿಟಿಕೆ" ಎನ್ನುತ್ತಿದ್ದರು. ನಮಗೂ ಹಾಗೆಯೇ ಕಲಿಸಿದರು. ನನಗೆ ಅದು ಅರ್ಧ ಬಂತು. ನನ್ನ ತಮ್ಮ ವಾಸುವಿಗೆ ಪೂರ್ತಿ ಬಂತು. ಅವನು ಅಂಗೈಗೂ ಬಿಟ್ಟುಕೊಳ್ಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತೇ ಹೇಳುತ್ತಿದ್ದ.

ಆದ್ದರಿಂದ ಅಪ್ಪನ ನಂತರ ಸೌಟು ವಾಸುವಿನ ಕೈಗೆ ಎಂದು ಮನೆಯಲ್ಲಿ ಮಾತಾಗಿತ್ತು. ನನಗೂ ಅದರಲ್ಲಿ ಬೇಸರ ಇರಲಿಲ್ಲ ಎಂದೇ ನಾನು ತಿಳಿದಿದ್ದೆ.

ದೋಹಾಕ್ಕೆ ಮೊದಲು ಹೋದದ್ದು ನಾನು. ಮಂಗಳೂರಿನ ಲೋಬೊ ಸರ್ ಎಂಬವರು ಅಲ್ ಥುಮಾಮಾದಲ್ಲಿ ಒಂದು ಹಳೆಯ ವಿಲ್ಲಾ ಹಿಡಿದು ಕೇಟರಿಂಗ್ ನಡೆಸುತ್ತಿದ್ದರು. ಆಫೀಸುಗಳಿಗೆ ಮಧ್ಯಾಹ್ನದ ಊಟ. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು. ಒಂದು ಇಳಿಯುವಾಗ ನಾವು ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದೆವು. ಸಸ್ಯಾಹಾರದ ಒಲೆ ನನ್ನದು. ಮಾಂಸದ ಒಲೆ ಬೇರೆ ಕೋಣೆಯಲ್ಲಿ, ಅದು ಕಾಸರಗೋಡಿನ ಮೊಯ್ದು ಇಕ್ಕನದ್ದು. ಕೆಲಸ ಹೆಚ್ಚಾದಾಗ ವಾಸುವನ್ನೂ ಕರೆಸಿಕೊಂಡೆ. ಅವನಿಗೆ ಬರಲು ಮನಸ್ಸಿರಲಿಲ್ಲ. "ಎರಡು ವರ್ಷ ಮಾತ್ರ ಅಣ್ಣ, ಆಮೇಲೆ ಅಪ್ಪನ ಹತ್ರ ಹೋಗ್ತೇನೆ" ಎಂದು ಹೇಳಿಯೇ ಬಂದ. ಸಮುದ್ರ ದಾಟಿ ಬಂದವರು ತಿರುಗಿ ಹೋಗಿ ಪ್ರಾಯಶ್ಚಿತ್ತ ಮಾಡಿಸಿಕೊಂಡರೆ ದೇವಸ್ಥಾನದ ಒಲೆ ಮುಟ್ಟಬಹುದು ಎಂದು ತಂತ್ರಿಗಳು ಅಪ್ಪನಿಗೆ ಹೇಳಿದ್ದರು.

ನಾನು ಹೇಳಬೇಕಾದ ವರ್ಷ ಎರಡು ಸಾವಿರದ ಏಳು. ಆ ವರ್ಷ ರಂಜಾನ್ ತಿಂಗಳು ಸೆಪ್ಟೆಂಬರಿನಲ್ಲಿ ಶುರುವಾಗಿತ್ತು. ಸೆಕೆ ಇನ್ನೂ ಬಿಟ್ಟಿರಲಿಲ್ಲ. ಆಫೀಸುಗಳು ಬೇಗ ಮುಚ್ಚುತ್ತಿದ್ದವು, ಹಗಲು ಊಟದ ಆರ್ಡರ್ ತೀರಾ ಕಡಿಮೆ. ಕೈಗೆ ಕೆಲಸ ಇಲ್ಲದಿದ್ದರೆ ನನಗೆ ಮೈಯಲ್ಲಿ ಇರುವೆ ಹರಿದ ಹಾಗೆ. ಒಮ್ಮೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ವಾಸು ನಗುತ್ತಿದ್ದ. "ಅಣ್ಣ, ತಳ ತೂತಾದ್ರೆ ಲೋಬೊ ಸರ್ ಬಿಡುವುದಿಲ್ಲ."

ಆಗ ಒಂದು ದಿನ ಲೋಬೊ ಸರ್ ಬಂದು, "ಭಟ್ರೇ, ಯಲ್ಲಾ, ಬೇಗ, ಇಬ್ಬರೂ ವ್ಯಾನ್ ಹತ್ತಿ. ಜರ್ಮನ್ ಮೇಡಂ ಒಬ್ಬರು ಕರೀತಿದ್ದಾರೆ" ಎಂದರು.

ಹೆಲ್ಗಾ ಮೇಡಂ ಮನೆ ಅಲ್ ಗರಾಫಾದಲ್ಲಿ, ಒಂದು ಕಂಪೌಂಡಿನ ಒಳಗಿನ ವಿಲ್ಲಾ. ಅವರ ಯಜಮಾನರ ಆಫೀಸಿಗೆ ನಮ್ಮಲ್ಲಿಂದಲೇ ಊಟ ಹೋಗುತ್ತಿತ್ತು. ಮೇಡಂಗೆ ಅರವತ್ತರ ಹತ್ತಿರ ವಯಸ್ಸು, ಎತ್ತರದ ಆಳು, ಬೆಳ್ಳಗಿನ ಕೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದರು. ಆ ವರ್ಷ ಯಜಮಾನರು ರಿಟೈರ್ ಆಗಿ ಊರಿಗೆ ಹೊರಟಿದ್ದರು. ಹೊರಡುವ ಮೊದಲು ದೋಹಾದ ಸ್ನೇಹಿತರಿಗೆಲ್ಲ ತಮ್ಮ ಊರಿನ ಶರತ್ಕಾಲದ ಹಬ್ಬದ ಊಟ ಹಾಕಬೇಕು ಎಂದು ಅವರಿಗೆ ಆಸೆ. ಅವರ ಊರಲ್ಲಿ ಬೆಳೆ ಮನೆಗೆ ಬಂದು, ಎಲೆ ಕೆಂಪಾಗಿ ಉದುರುವ ಹೊತ್ತಿಗೆ ಈ ಊಟವಂತೆ. ಹೊರಗೆ ನೋಡಿದರೆ ಬೆಂಕಿಯ ಬಿಸಿಲು, ಕಿಟಕಿಯ ಗಾಜಿನ ಮೇಲೆ ಹೊಯಿಗೆಯ ಧೂಳು.

"ರಂಜಾನ್ ಮುಗಿಯಲಿ, ಸ್ವಲ್ಪ ಗಾಳಿ ತಣ್ಣಗಾಗಲಿ, ನವೆಂಬರಿನಲ್ಲಿ ಮಾಡುವ" ಎಂದು ಅವರೇ ಹೇಳಿದರು. ಅವರದ್ದು ಇಂಗ್ಲಿಷ್, ನಮ್ಮದು ಅರ್ಧ ಹಿಂದಿ ಅರ್ಧ ಕೈಬಾಯಿ ಸನ್ನೆ. ಮೂರು ದಿನದಲ್ಲಿ ಎಲ್ಲ ತಿಳಿಯತೊಡಗಿತು. ಒಲೆಯ ಮುಂದೆ ನಿಂತ ಮೇಲೆ ಭಾಷೆ ಅಷ್ಟು ಬೇಕಾಗುವುದಿಲ್ಲ.

ಏನೇನು ಮಾಡಬೇಕು ಎಂಬುದೇ ದೊಡ್ಡ ಚರ್ಚೆ. ಅವರ ಊರಲ್ಲಿ ಹಂದಿಯ ಮಾಂಸ ಇಲ್ಲದೆ ಹಬ್ಬವೇ ಇಲ್ಲವಂತೆ. ಕತಾರ್‌ನಲ್ಲಿ ಅದು ಸಿಗುವ ಮಾತೇ ಇಲ್ಲ. ಲೋಬೊ ಸರ್ ನಿಟ್ಟುಸಿರು ಬಿಟ್ಟು, "ಅದರ ಸುದ್ದಿ ನನ್ನೆದುರು ತೆಗೀಬೇಡಿ ಮೇಡಂ, ಬಾಯಲ್ಲಿ ನೀರು ಬರ್ತದೆ, ನಾನು ಮಂಗಳೂರಿನವ" ಎಂದದ್ದಕ್ಕೆ ಮೇಡಂ ಬಿದ್ದು ಬಿದ್ದು ನಕ್ಕರು. ಕೊನೆಗೆ ಬಾತುಕೋಳಿ ಎಂದಾಯಿತು. ಇಡಿಯ ಬಾತುಕೋಳಿಯನ್ನು ಒವನ್ನಿನಲ್ಲಿ ಸುಡುವುದು, ಅದರ ಜೊತೆ ಕಂದು ಬಣ್ಣದ ಗಟ್ಟಿ ಸಾರು. ಅದಕ್ಕೆ ಆಲೂಗೆಡ್ಡೆಯ ಉಂಡೆ, ಕೆಂಪು ಕ್ಯಾಬೇಜು. ಮೊದಲಿಗೆ ಸಿಹಿಕುಂಬಳದ ಸೂಪು, ಕೊನೆಗೆ ಸೇಬಿನ ಕೇಕು. ಬಾತುಕೋಳಿ ಮತ್ತು ಸಾರು ಮೊಯ್ದು ಇಕ್ಕನಿಗೆ, ಉಳಿದದ್ದೆಲ್ಲ ನಮಗೆ.

ಆ ಒಂದು ತಿಂಗಳು ನಾವು ವಾರಕ್ಕೆ ಎರಡು ಮೂರು ಸಲ ಅಲ್ ಗರಾಫಾಕ್ಕೆ ಹೋಗುತ್ತಿದ್ದೆವು. ಮೇಡಂ ಅಡುಗೆಮನೆಯಲ್ಲಿ ಎಸಿ ಎಷ್ಟು ಜೋರು ಎಂದರೆ ಡ್ರಾಯರಿನಿಂದ ತೆಗೆದ ಚಮಚ ಕೈಗೆ ಐಸಿನ ಹಾಗೆ ಆಗುತ್ತಿತ್ತು. ಆಲೂಗೆಡ್ಡೆ ಬೇಯಿಸಿ, ಅರೆದು, ಆಲೂಗೆಡ್ಡೆಯದ್ದೇ ಹಿಟ್ಟು ಬೆರೆಸಿ, ನಡುವೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ತುಂಡು ಇಟ್ಟು ಉಂಡೆ ಕಟ್ಟುವುದು, ಕುದಿಯದ ಬಿಸಿ ನೀರಿನಲ್ಲಿ ಬಿಡುವುದು. ಮೇಡಂ ಕಟ್ಟಿದ್ದು ನೀರಿಗೆ ಬಿದ್ದ ಕೂಡಲೇ ಬಿಚ್ಚಿ ಹೋಯಿತು. ವಾಸು ಕೈ ಒದ್ದೆ ಮಾಡಿಕೊಂಡು ಮೋದಕಕ್ಕೆ ಹೂರಣ ಇಟ್ಟ ಹಾಗೆ ಇಟ್ಟು, ಬಾಯಿ ಮುಚ್ಚಿ, ಅಂಗೈಯಲ್ಲಿ ತಿರುಗಿಸಿ ಬಿಟ್ಟ. ಗುಂಡಗೆ ತೇಲಿತು. ಮೇಡಂ ಚಪ್ಪಾಳೆ ತಟ್ಟಿದರು.

"ಎಂಥದ್ದು ಅಣ್ಣ ಇದು" ಎಂದ ವಾಸು ನನ್ನ ಹತ್ತಿರ ಮೆಲ್ಲಗೆ. "ಕಡುಬಿನ ಹಾಗೆ ಉಂಟು, ಬೋಂಡದ ಹಾಗೆ ಉಂಟು, ಎರಡೂ ಅಲ್ಲ. ಮೆಣಸಿಲ್ಲ, ಶುಂಠಿ ಇಲ್ಲ. ಹುಷಾರಿಲ್ಲದವರ ಊಟ."

"ಸುಮ್ಮನಿರು ಮಾರಾಯ, ಅವರಿಗೆ ಕೇಳಿಸ್ತದೆ."

"ಕೇಳಿಸಿದ್ರೆ ತುಳು ಗೊತ್ತಾಗ್ಬೇಕಲ್ಲ!"

ಕ್ಯಾಬೇಜಿನದ್ದು ಬೇರೆಯೇ ಕಥೆ. ಮೊದಲ ಸಲ ನಾನು ಬೇಯಿಸಿದೆ. ಅಪ್ಪನ ಅಡುಗೆಯಲ್ಲಿ ಪಲ್ಯಕ್ಕೆ ಹುಳಿ ಕೊನೆಗೆ. ಅದೇ ಅಭ್ಯಾಸದಲ್ಲಿ ನಾನು ವಿನೆಗರನ್ನು ಕೊನೆಗೆ ಹಾಕಿದರಾಯಿತು ಎಂದುಕೊಂಡೆ. ಮುಚ್ಚಳ ತೆಗೆದು ನೋಡಿದರೆ ಇಡೀ ತಪ್ಪಲೆ ಶಾಯಿ ಚೆಲ್ಲಿದ ಹಾಗೆ ನೀಲಿ. ಹಾಳು ಮಾಡಿದೆ ಎಂದೇ ತಿಳಿದೆ. ವಾಸು ಬಾಗಿಲಿಂದಲೇ ಮೂಗೆಳೆದ. "ಹುಳಿ ಇಲ್ಲ ಅಣ್ಣ. ಈಗ ಹಾಕು, ಹೆಚ್ಚೇ ಹಾಕು." ಹಾಕಿದೆ. ನೀಲಿ ಮಾಯವಾಗಿ ಕುಂಕುಮದ ಬಣ್ಣ ಬಂತು. ಮೇಡಂ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಆಮೇಲೆ, "ನನ್ನ ಅಜ್ಜಿ" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು.

ಸೇಬು, ಈರುಳ್ಳಿ, ಲವಂಗ, ಸಕ್ಕರೆ, ವಿನೆಗರು. ಅವರ ಅಜ್ಜಿ ಇದನ್ನು ಬಾತುಕೋಳಿಯ ಕೊಬ್ಬಿನಲ್ಲಿ ಮಾಡುತ್ತಿದ್ದರಂತೆ. ನಮಗೋಸ್ಕರ ಮೇಡಂ ಬೆಣ್ಣೆಯಲ್ಲೇ ಸಾಕು ಎಂದರು. ನಾವು ರುಚಿ ನೋಡದೆ ಅಡುಗೆ ಮಾಡುವುದು ಅವರಿಗೆ ದೊಡ್ಡ ಆಶ್ಚರ್ಯ. ಬಂದ ಗೆಳತಿಯರಿಗೆಲ್ಲ ತೋರಿಸುತ್ತಿದ್ದರು. "ನೋಡಿ, ಈ ಅಣ್ಣತಮ್ಮ ಮೂಗಿನಲ್ಲಿ ಅಡುಗೆ ಮಾಡುತ್ತಾರೆ." ಅವರು ನಮ್ಮನ್ನು ದೊಡ್ಡ ಭಟ್, ಸಣ್ಣ ಭಟ್ ಎಂದು ಕರೆಯುತ್ತಿದ್ದರು. ಹೊಗಳುವಾಗ ದೊಡ್ಡ ಭಟ್ ಹೆಸರು ಮೊದಲು ಬರುತ್ತಿತ್ತು. ಹೇಳಿಕೊಟ್ಟದ್ದು ಸಣ್ಣ ಭಟ್ ಎಂದು ನಾನೂ ತಿದ್ದಲಿಲ್ಲ, ವಾಸುವೂ ತಿದ್ದಲಿಲ್ಲ.

ಈದ್ ಮುಗಿಸಿ ಬರುತ್ತೇನೆ ಎಂದು ಮೊಯ್ದು ಇಕ್ಕ ಊರಿಗೆ ಹೋದ. ಹೋದವನ ಅತ್ತೆಗೆ ಹುಷಾರು ತಪ್ಪಿತು. ಪಾರ್ಟಿಯ ವಾರ ಬಂದರೂ ಅವನು ಬರಲಿಲ್ಲ. ನಾನು ಲೋಬೊ ಸರ್ ಹತ್ತಿರ, "ಬಾತುಕೋಳಿಗೆ ಬೇರೆ ಜನ ನೋಡಿ ಸರ್" ಎಂದೆ.

"ಎಲ್ಲಿಂದ ತರಲಿ ಭಟ್ರೇ? ಮೇಡಂ ತಾವೇ ಒವನ್ನಿಗೆ ಇಡ್ತಾರಂತೆ. ನೀವು ಮುಟ್ಟುವುದು ಬೇಡ. ಸುಡುವುದು ಒವನ್, ನೀವಲ್ಲ. ಸಾರಿಗೂ ಎಲುಬು, ರೆಕ್ಕೆ ಎಲ್ಲ ಅವರೇ ಹಾಕಿ ಕೊಡ್ತಾರೆ. ನೀವು ಒಲೆ ನೋಡಿದ್ರೆ ಸಾಕು."

ವಾಸು ಬೇಡ ಎಂದ. "ಅದರ ಹಬೆ ಮೈಮೇಲೆ ತಗೊಂಡು ನಿಲ್ಲುವುದು ನನ್ನಿಂದ ಆಗುವುದಿಲ್ಲ ಅಣ್ಣ." ನಾನು ಗದರಿಸಿದೆ. ತಿಂಗಳಿಡೀ ಮಾಡಿದ ಕೆಲಸ, ಕೊನೆಯ ದಿನ ಕೈ ಬಿಟ್ಟರೆ ಮರ್ಯಾದೆ ಏನು ಎಂದೆ. ಮರ್ಯಾದೆ ಎಂದರೆ ನನಗೆ ಆಗ ಮೇಡಂ ಬಾಯಿಯ ಹೊಗಳಿಕೆ. ಅದು ನನಗೆ ಅಷ್ಟು ರುಚಿಸಿತ್ತು.

ಪಾರ್ಟಿಯ ಹಿಂದಿನ ದಿನ ಧೂಳಿನ ಗಾಳಿ ಎದ್ದಿತು. ಆಕಾಶ ರಾಗಿಹಿಟ್ಟಿನ ಬಣ್ಣಕ್ಕೆ ತಿರುಗಿತು. ಮೇಜಿನ ಮೇಲೆ ಹರಡಲು ಕೆಂಪು ಎಲೆ ಬೇಕೆಂದು ಮೇಡಂ ಆ ಗಾಳಿಯಲ್ಲೇ ಕಂಪೌಂಡಿನ ಕಾಡುಬಾದಾಮಿ ಮರದ ಕೆಳಗೆ ಎಲೆ ಆರಿಸಿದರು. ಮರುದಿನ ನಾವು ಹೋಗುವಾಗ ಅವರ ಕಣ್ಣು, ಮೂಗು ಎಲ್ಲ ಊದಿಕೊಂಡಿತ್ತು, ಧ್ವನಿ ಹೊರಡುತ್ತಿರಲಿಲ್ಲ. ಅಷ್ಟರಲ್ಲೂ ಬಾತುಕೋಳಿಗಳಿಗೆ ಉಪ್ಪು ಸವರಿ ಒಳಗೆ ಸೇಬು ತುಂಬಿ ಒವನ್ನಿಗೆ ಇಟ್ಟರು. ಸಾರಿನ ಪಾತ್ರೆಗೆ ಹಾಕಬೇಕಾದದ್ದನ್ನೆಲ್ಲ ತಾವೇ ಹಾಕಿ ಒಲೆ ಹಚ್ಚಿದರು.

ಮಧ್ಯಾಹ್ನ ಕಳೆದ ಮೇಲೆ ಸಾರು ಸೋಸಿ ಗಟ್ಟಿಯಾಗಲು ಬಿಟ್ಟದ್ದಾಯಿತು. ಮೇಡಂ ಚಮಚ ಬಾಯಿಗಿಟ್ಟರು. ತಲೆ ಅಲ್ಲಾಡಿಸಿದರು. ಮೂಗು ಕಟ್ಟಿದೆ, ಏನೂ ತಿಳಿಯುವುದಿಲ್ಲ, ನೀರು ಕುಡಿದ ಹಾಗಿದೆ ಎಂದು ಕೈಸನ್ನೆ ಮಾಡಿದರು. ಅವರ ಕಣ್ಣಲ್ಲಿ ನೀರು ಬಂದದ್ದು ಶೀತಕ್ಕೋ ಬೇಸರಕ್ಕೋ ಗೊತ್ತಿಲ್ಲ. "ದೊಡ್ಡ ಭಟ್, ನಿನ್ನ ಮೂಗಿಗೆ ಬಿಟ್ಟೆ" ಎಂದು ನನ್ನ ಭುಜ ತಟ್ಟಿ ಸೀರೆಯಂಥ ದೊಡ್ಡ ಶಾಲು ಹೊದ್ದುಕೊಂಡು ಸ್ವಲ್ಪ ಮಲಗಲು ಮೇಲೆ ಹೋದರು.

ನಾನು ಪಾತ್ರೆಯ ಮುಂದೆ ನಿಂತೆ. ಹಬೆ ಮುಖಕ್ಕೆ ಬಂತು. ಅದು ನನ್ನ ಮೂಗಿಗೆ ಏನೂ ಹೇಳಲಿಲ್ಲ. ಹುಳಿಯಾದರೆ, ಸಾರಾದರೆ, ಮಜ್ಜಿಗೆಹುಳಿಯಾದರೆ ಹೀಗಿರಬೇಕು ಎಂದು ಮೂಗಿಗೆ ಗೊತ್ತುಂಟು. ಇದು ಹೇಗಿದ್ದರೆ ಸರಿ ಎಂದು ಅದಕ್ಕೆ ಯಾರು ಕಲಿಸಿದ್ದಾರೆ? ವಾಸು ಹಿತ್ತಲಲ್ಲಿ ಉಂಡೆಗೆ ಆಲೂಗೆಡ್ಡೆ ಸುಲಿಯುತ್ತಿದ್ದ. ಕರೆದೆ. ಅವನು ಬಾಗಿಲವರೆಗೆ ಬಂದು, ಹೆಗಲ ಮೇಲಿನ ಬೈರಾಸಿನಿಂದ ಅರ್ಧ ಮುಖ ಮುಚ್ಚಿಕೊಂಡು, ಒಮ್ಮೆ ಮೂಗೆಳೆದು ಹಿಂದೆ ಸರಿದ. "ಉಪ್ಪು ಕಡಿಮೆ ಅಣ್ಣ. ಹುಳಿಯೂ ಒಂಚೂರು ಬೇಕು. ಆ ಕ್ಯಾಬೇಜಿನ ರಸವನ್ನೇ ಎರಡು ಚಮಚ ಬಿಡು" ಎಂದು ಹೇಳಿ ಹೋದ.

ಅಷ್ಟು ಸಾಕಿತ್ತು. ಅವನು ಹೇಳಿದ ಹಾಗೆ ಉಪ್ಪು ಹಾಕಿದೆ, ರಸ ಬಿಟ್ಟೆ. ಆದರೂ ನನಗೆ ಸಮಾಧಾನ ಇಲ್ಲ. ಅಡುಗೆಮನೆಯಲ್ಲಿ ಆಚೆಗೆ ಈಚೆಗೆ ತಿರುಗಿದೆ. ಹೊರಗೆ ವ್ಯಾನಿನ ಹತ್ತಿರ ಡ್ರೈವರ್ ಸದಾಶಿವ ಇದ್ದ, ನಮ್ಮ ಪಕ್ಕದ ಊರಿನವನೇ, ಕೋಳಿ ಮೀನು ಎಲ್ಲ ತಿನ್ನುವವ. ಅವನನ್ನು ಕರೆದು ಒಂದು ಚಮಚ ಕೊಟ್ಟಿದ್ದರೆ ಮುಗಿಯುತ್ತಿತ್ತು. ಲೋಬೊ ಸರ್‌ಗೆ ಫೋನ್ ಮಾಡಬಹುದಿತ್ತು. ಇದೆಲ್ಲ ಆಮೇಲೆ ಹೊಳೆದದ್ದು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆಗಲೇ ಹೊಳೆದಿತ್ತು.

ನಾನು ಡ್ರಾಯರಿನಿಂದ ಚಮಚ ತೆಗೆದೆ. ಸಾರಿನಲ್ಲಿ ಅದ್ದಿದೆ. ಬಾಯಿಗೆ ಇಟ್ಟೆ.

ಚೆನ್ನಾಗಿತ್ತು. ಇದನ್ನು ಬರೆದು ಎರಡು ಸಲ ಹೊಡೆದು ಹಾಕಿದೆ. ಚೆನ್ನಾಗಿತ್ತು, ಮತ್ತೊಂದು ಚಮಚವೂ ತೆಗೆದೆ.

ಆಮೇಲೆ ಮೈಯೆಲ್ಲ ಬೆವರಿತು. ಆ ಎಸಿಯಲ್ಲಿ. ಬಾಯಿ ಮುಕ್ಕಳಿಸಿದೆ. ಮತ್ತೆ ಮುಕ್ಕಳಿಸಿದೆ. ಅಪ್ಪನ ಮುಖ, ದೇವಸ್ಥಾನದ ಒಲೆ, ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. ಇನ್ನು ನಾನೊಬ್ಬ ಆಚೆ ಕಡೆಯವ, ವಾಸು ಈಚೆ ಕಡೆಯವ ಎಂದು ಅನ್ನಿಸಿತು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಚಮಚವನ್ನು ಬೈರಾಸಿನಲ್ಲಿ ಒರೆಸಿ, "ವಾಸು, ಬಾ ಇಲ್ಲಿ" ಎಂದು ಕರೆದೆ.

"ಎಂತ ಅಣ್ಣ?"

"ನನ್ನ ಮೂಗಿಗೆ ತಿಳಿಯುದಿಲ್ಲ. ಒಂದು ಸಲ ನಾಲಿಗೆಗೆ ಮುಟ್ಟಿಸಿ ನೋಡು."

ಅವನು ನಕ್ಕ, ನಾನು ತಮಾಷೆ ಮಾಡುತ್ತಿದ್ದೇನೆ ಎಂದು. "ನಾನು ಹೇಳಿದೆನಲ್ಲ, ಈಗ ಸರಿ ಉಂಟು. ಪರಿಮಳ ಬದಲಾಗಿದೆ."

"ದೊಡ್ಡ ದೊಡ್ಡ ಜನ ಬರ್ತಾರೆ ಮಾರಾಯ. ತಪ್ಪಿದ್ರೆ ಲೋಬೊ ಸರ್ ಕೆಲಸಕ್ಕೇ ಕುತ್ತು. ತಿನ್ನು ಅಂತ ಹೇಳ್ಲಿಲ್ಲ, ಮುಟ್ಟಿಸಿ ಉಗಿ. ನಾನು ಹೇಳ್ತಿದ್ದೇನಲ್ಲ, ನಿನ್ನ ಅಣ್ಣ."

ಚಮಚ ಅವನ ಕೈಗೆ ಕೊಟ್ಟೆ. ಅವನು ಚಮಚವನ್ನು ಹಿಡಿದು ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಅದ್ದಿದ, ನಾಲಿಗೆಗೆ ಮುಟ್ಟಿಸಿದ. ಅದೇ ಹೊತ್ತಿಗೆ ಖಾಲಿ ಟ್ರೇ ತೆಗೆದುಕೊಳ್ಳಲು ಸದಾಶಿವ ಬಾಗಿಲಲ್ಲಿ ಬಂದು ನಿಂತಿದ್ದ.

"ಓ ದೇವರೇ, ಸಣ್ಣ ಭಟ್ರು ಬಾತುಕೋಳಿ ಹೊಡೀತಿದ್ದಾರೆ!" ಎಂದು ಅವನು ಜೋರಾಗಿ ನಕ್ಕ.

ವಾಸು ಸಿಂಕಿನಲ್ಲಿ ಉಗಿದ. "ಸರಿ ಉಂಟು" ಎಂದಷ್ಟೇ ಹೇಳಿ ಹಿತ್ತಲಿಗೆ ಹೋದ.

ಪಾರ್ಟಿ ಬಹಳ ಚೆನ್ನಾಗಿ ಆಯಿತು. ಗಾಳಿ ನಿಂತು ಸಂಜೆ ತಂಪಾಗಿತ್ತು. ಕಂಪೌಂಡಿನ ಹುಲ್ಲಿನ ಮೇಲೆ ಉದ್ದ ಮೇಜು, ಅದರ ಮೇಲೆ ಕಾಡುಬಾದಾಮಿಯ ಕೆಂಪು ಎಲೆ, ಸಿಹಿಕುಂಬಳದ ಒಳಗೆ ದೀಪ. ಅವರ ಕಡೆಯ ಹಾಡು ಹಾಡಿದರು. ಮೇಡಂ ಎಲ್ಲರ ಎದುರು ನನ್ನನ್ನು ಕರೆದು ನಿಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ವಾಸುವನ್ನು ಹುಡುಕಿದರೆ ಅವನು ವ್ಯಾನಿನಲ್ಲಿ ಪಾತ್ರೆಗಳ ನಡುವೆ ಕೂತಿದ್ದ.

ಸದಾಶಿವ ಕೆಟ್ಟವನಲ್ಲ. ಅವನು ಊರಿಗೆ ಫೋನ್ ಮಾಡಿದಾಗ ತಮಾಷೆಗೆಂದು ಹೇಳಿದ. ತಮಾಷೆ ಮನೆಯಿಂದ ಮನೆಗೆ ಹೋಗಿ ನಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ತಮಾಷೆಯಾಗಿ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ನಾವು ಸಾಂಬಾರಿಗೆ ಹೆಚ್ಚುತ್ತಿದ್ದಾಗ ಅಪ್ಪನ ಫೋನ್ ಬಂತು. ಅವರಾಗಿ ಫೋನ್ ಮಾಡಿದವರೇ ಅಲ್ಲ.

"ಸದಾಶಿವ ಹೇಳಿದ್ದು ನಿಜವಾ?"

ನಾನು ಚೂರಿ ಕೆಳಗಿಟ್ಟೆ.

"ನೀನು ಅಲ್ಲಿ ಇದ್ದೆಯಾ?"

"ಇದ್ದೆ ಅಪ್ಪ."

"ನೀನೂ ತಿಂದೆಯಾ?"

ಮೇಲೆ ವಿಮಾನ ಇಳಿಯುತ್ತಿತ್ತು. ಅದು ದಾಟುವವರೆಗೆ ಕಾಯಬೇಕಾಯಿತು. ಯೋಚಿಸಲು ಅಷ್ಟು ಸಮಯ ದೇವರೇ ಕೊಟ್ಟಿದ್ದ. ದಾಟಿತು. "ಇಲ್ಲ" ಎಂದೆ.

ಎದುರಿಗೆ ವಾಸು ಬೂದುಕುಂಬಳ ಹೆಚ್ಚುತ್ತಿದ್ದ. ಅವನ ಚೂರಿ ನಿಂತಿತು. ಮತ್ತೆ ಶುರುವಾಯಿತು.

"ಅವನಿಗೆ ಕೊಡು."

ಫೋನ್ ಕೊಟ್ಟೆ. ವಾಸು, "ಹೌದು ಅಪ್ಪ" ಎಂದ. ಅಣ್ಣ ಹೇಳಿದ್ದಕ್ಕೆ ಎನ್ನಲಿಲ್ಲ, ಮುಟ್ಟಿಸಿ ಉಗಿದೆ ಎನ್ನಲಿಲ್ಲ. ಆ ಕಡೆಯಿಂದ ಅಪ್ಪನ ಧ್ವನಿ ನನಗೂ ಕೇಳಿಸುತ್ತಿತ್ತು. "ಸಮುದ್ರ ದಾಟಿದ್ದಕ್ಕೆ ಪ್ರಾಯಶ್ಚಿತ್ತ ಉಂಟು ಮಗ. ನಾಲಿಗೆಗೆ ನನಗೆ ಗೊತ್ತಿಲ್ಲ. ಇನ್ನು ನೀನು ಆ ಒಲೆ ಮುಟ್ಟುವುದು ಬೇಡ." ವಾಸು ಫೋನನ್ನು ನನ್ನ ಕೈಗೆ ಕೊಟ್ಟು, ಹೆಚ್ಚಿದ ಹೋಳುಗಳನ್ನು ಬಾಚಿ ನೀರಿಗೆ ಹಾಕಿದ.

ಆ ಚಳಿಗಾಲ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೋಣೆಯಲ್ಲಿ ಅವನ ಜೊತೆ ಒಬ್ಬನೇ ಇರಲು ಹೆದರಿ ಕೆಲಸ ಮುಗಿದ ಮೇಲೂ ಕಡಲ ಬದಿಯ ಕಾರ್ನಿಶ್ ರಸ್ತೆಯ ಉದ್ದಕ್ಕೂ ಸುಮ್ಮನೆ ನಡೆಯುತ್ತಿದ್ದೆ. ಅವನು ಆ ವಿಷಯ ಎತ್ತಲೇ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಎಂದಿನ ಹಾಗೆ ಅಣ್ಣ ಎಂದೇ ಕರೆಯುತ್ತಿದ್ದ, ನನ್ನ ಬಟ್ಟೆಯನ್ನೂ ಸೇರಿಸಿ ಒಗೆಯುತ್ತಿದ್ದ.

ಮುಂದಿನ ವರ್ಷ ಅಪ್ಪನಿಗೆ ಕೈ ನಡುಕ ಶುರುವಾಯಿತು. ಸೌಟು ಹಿಡಿಯಲು ಜನ ಬೇಕಾಯಿತು. ನನ್ನನ್ನು ಕರೆದರು. ನಾನು ಹೋದೆ. ಸಮುದ್ರ ದಾಟಿದ್ದಕ್ಕೆ ಪ್ರಾಯಶ್ಚಿತ್ತ ಮಾಡಿಸಿಕೊಂಡೆ, ಉಳಿದದ್ದಕ್ಕೆ ಬಾಯಿ ಮುಚ್ಚಿಕೊಂಡೆ. ಅಂದಿನಿಂದ ಆ ಒಲೆಯ ಮುಂದೆ ನಾನು. ಅಪ್ಪ ತೀರಿಕೊಳ್ಳುವ ಹಿಂದಿನ ವಾರ ನನ್ನ ಕೈ ಹಿಡಿದು, "ನೀನೊಬ್ಬ ಉಳಿದೆಯಲ್ಲ" ಎಂದರು. ಆಗಲೂ ಹೇಳಲಿಲ್ಲ.

ವಾಸು ಅಲ್ಲೇ ಉಳಿದ. ಮದುವೆಯಾದ, ಅಲ್ ವುಕೈರ್‌ನಲ್ಲಿ ಸಣ್ಣ ಫ್ಲಾಟಿನಲ್ಲಿದ್ದಾನೆ, ಒಂದು ಶಾಲೆಯ ಕ್ಯಾಂಟೀನ್ ನೋಡಿಕೊಳ್ಳುತ್ತಾನೆ. ರಜೆಯಲ್ಲಿ ಬಂದಾಗ ದೇವಸ್ಥಾನಕ್ಕೆ ಬರುತ್ತಾನೆ. ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ನಾನು ಮಾಡಿದ್ದನ್ನು ಉಣ್ಣುತ್ತಾನೆ. ಅಡುಗೆಮನೆಯ ಹೊಸ್ತಿಲು ಮಾತ್ರ ದಾಟುವುದಿಲ್ಲ. ಹೊರಗೆ ಕಂಬಕ್ಕೆ ಒರಗಿ ನಿಲ್ಲುತ್ತಾನೆ. ಅಲ್ಲಿಂದಲೇ, "ಅಣ್ಣ, ಇವತ್ತು ಹುಳಿಗೆ ಉಪ್ಪು ಒಂದು ಚಿಟಿಕೆ ಕಡಿಮೆ" ಎನ್ನುತ್ತಾನೆ. ಯಾವಾಗಲೂ ಅವನು ಹೇಳಿದ್ದು ಸರಿ ಇರುತ್ತದೆ.

ಆ ಮದುವೆಯಿಂದ ಬಂದ ಮೇಲೆ ಹತ್ತು ಸಲ ಫೋನ್ ಕೈಗೆ ತೆಗೆದು ಇಟ್ಟೆ. ಕೊನೆಗೆ ಹೋದ ಶುಕ್ರವಾರ, ಅವನಿಗೆ ರಜೆ ಎಂದು ನೋಡಿ ಮಾಡಿದೆ. ಮಕ್ಕಳ ವಿಚಾರ, ಸೆಕೆಯ ವಿಚಾರ ಎಲ್ಲ ಮಾತಾಡಿ, ಇಡುವ ಹೊತ್ತಿಗೆ ಹೇಳಿದೆ.

"ವಾಸು, ಆ ದಿನ ಮೇಡಂ ಮನೆಯಲ್ಲಿ. ನಿನಗಿಂತ ಮೊದಲು ನಾನು ತಿಂದಿದ್ದೆ."

"ಗೊತ್ತುಂಟು ಅಣ್ಣ."

"ಹೇಗೆ?"

"ನೀನು ಕೊಟ್ಟ ಚಮಚ ಬಿಸಿ ಇತ್ತು."

ಆ ಕಡೆ ಯಾರೋ ಮಗು ಏನೋ ಕೇಳಿತು, ಅವನು "ಈಗ ಬಂದೆ" ಎಂದ. ನಾನು ಕೇಳಿದೆ, "ಮತ್ತೆ ನೀನು ಯಾಕೆ ತಿಂದೆ? ಅಪ್ಪನಿಗೆ ಯಾಕೆ ಹೇಳ್ಲಿಲ್ಲ?"

"ನಿನ್ನ ಮುಖ ನೋಡಿದೆ, ನೀನು ಹೆದರಿದ್ದಿ. ಒಬ್ಬನೇ ಬೇಡ ಅಂತ ತಿಂದೆ. ಅಪ್ಪನಿಗೆ ನೀನೇ ಹೇಳ್ತಿ ಅಂತ ಕಾದೆ. ಅಪ್ಪ ಹೋದ ಮೇಲೆ ಕಾಯುವುದು ಬಿಟ್ಟೆ."

"ಈಗ ನಾನು ಎಂತ ಮಾಡ್ಬೇಕು, ಹೇಳು ವಾಸು."

"ಅದು ಬೇಡ ಅಣ್ಣ. ಆ ದಿನ ನೀನು ಹೇಳಿದ್ದನ್ನು ನಾನು ಮಾಡಿದೆ. ಈಗ ನಾನು ಹೇಳಿ ನೀನು ಮಾಡುವುದು ಬೇಡ."

ಮರುದಿನ ದೇವಸ್ಥಾನದ ಮೊಕ್ತೇಸರರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕಾಫಿಯ ಲೋಟ ಕೆಳಗಿಟ್ಟರು. "ಇಷ್ಟು ವರ್ಷ ಆದ ಮೇಲೆ ಯಾಕೆ ಭಟ್ರೇ ಇದೆಲ್ಲ?" ಎಂದರು. ವಾಸುವಿನ ಹೆಸರಿಗೆ ಬಂದ ತಪ್ಪು ನನ್ನದು, ಅದನ್ನು ಊರವರ ಎದುರು ಹೇಳಬೇಕು ಎಂದೆ. ತಂತ್ರಿಗಳನ್ನು ಕೇಳುವವರೆಗೆ ಒಳಗೆ ಹೋಗಬೇಡಿ ಎಂದರು. ನಮ್ಮ ಚಿಕ್ಕಪ್ಪನ ಮಗ ಈಗ ಸೌಟು ಹಿಡಿದಿದ್ದಾನೆ.

ಇವತ್ತು ಬೆಳಿಗ್ಗೆ ಅಭ್ಯಾಸಬಲದಲ್ಲಿ ಕಾಲು ಅಲ್ಲಿಗೇ ಹೋಯಿತು. ಹೊಸ್ತಿಲ ಹೊರಗೆ, ವಾಸು ನಿಲ್ಲುವ ಕಂಬದ ಹತ್ತಿರ ನಿಂತೆ. ಒಳಗೆ ಹುಳಿ ಕುದಿಯುವ ಸದ್ದು. ಕಣ್ಣು ಮುಚ್ಚಿ ಮೂಗೆಳೆದೆ. ಉಪ್ಪು ಹಾಕಿದ್ದಾನೋ ಇಲ್ಲವೋ, ಅಲ್ಲಿಂದ ನನಗೆ ತಿಳಿಯಲಿಲ್ಲ.